ಪಂಪ್ ನಿಂತರೆ ಏನು ಮಾಡ್ತೀರಿ? ನನ್ನ ಮೊದಲ ಪಾಠ ಅದೇ

ಇನ್ಸುಲಿನ್ ಪಂಪ್ ಶುರು ಮಾಡುವವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಮೈಗೆ ಜೋಡಿಸಿಕೊಂಡು ದಿನವಿಡೀ ಚರ್ಮದೊಳಗೆ ಇನ್ಸುಲಿನ್ ಕೊಡುವ ಪುಟ್ಟ ಯಂತ್ರ ಅದು. ಬರುವವರಲ್ಲಿ ಹೆಚ್ಚಿನವರು ಟೈಪ್ 1 ಮಧುಮೇಹ ಇರುವವರು. ಯಾವ ಬಟನ್ ಯಾವುದಕ್ಕೆ ಅಂತ ತಿಳಿಯುವ ಆತುರ ಎಲ್ಲರಿಗೂ ಇರುತ್ತದೆ. ಆದರೆ ಪಂಪ್ ನಿಂತರೆ ಏನು ಮಾಡಬೇಕು ಅನ್ನುವುದನ್ನು ಹೇಳಿಕೊಡದೆ ನಾನು ಬಟನ್ ಮುಟ್ಟಿಸುವುದಿಲ್ಲ.

ಇಂಜೆಕ್ಷನ್ ತಗೊಳ್ಳುವವರ ಮೈಯಲ್ಲಿ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್ ಸ್ವಲ್ಪವಾದರೂ ಇರುತ್ತದೆ. ಊಟದ ಡೋಸ್ ಒಂದು ತಪ್ಪಿದರೂ ಅದು ಕೈ ಹಿಡಿಯುತ್ತದೆ. ಪಂಪಿನಲ್ಲಿ ಇರುವುದು ಬೇಗ ಕೆಲಸ ಮಾಡುವ ಇನ್ಸುಲಿನ್ ಮಾತ್ರ. ದಿನವಿಡೀ ಹನಿಹನಿಯಾಗಿ ಹೋಗುವುದು ಬೇಸಲ್, ಊಟಕ್ಕೆ ನಾವೇ ಕೊಡುವುದು ಬೋಲಸ್. ಎರಡೂ ಅದೇ ಇನ್ಸುಲಿನ್. ಅದು ನಿಂತರೆ ಹಿಂದೆ ಏನೂ ಉಳಿದಿರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಶುಗರ್ ಏರಿ, ಕೀಟೋನ್ (ಇನ್ಸುಲಿನ್ ಸಾಲದೆ ಮೈ ಕೊಬ್ಬು ಕರಗಿಸುವಾಗ ಹುಟ್ಟುವ ಆಮ್ಲ) ಕೂಡಿಕೊಂಡು, ವಾಂತಿ, ಹೊಟ್ಟೆನೋವು, ಏದುಸಿರು ಶುರುವಾಗಬಹುದು. ಕೀಟೋಆಸಿಡೋಸಿಸ್ ಅನ್ನುವುದು ಇದನ್ನೇ. ಜೀವಕ್ಕೇ ಅಪಾಯ.

ನಾನು ಕಲಿಸಿದ ಕಾಲೇಜು ಹುಡುಗಿಯೊಬ್ಬಳಿಗೆ ಒಂದು ಮಧ್ಯಾಹ್ನ ಶುಗರ್ 290 ಬಂತು. ಪಂಪಿನಿಂದಲೇ ಕರೆಕ್ಷನ್ ಬೋಲಸ್, ಅಂದರೆ ಏರಿದ ಶುಗರ್ ಇಳಿಸುವ ಡೋಸ್, ಕೊಟ್ಟಳು. ಎರಡು ಗಂಟೆ ಬಿಟ್ಟು ನೋಡಿದರೆ 320. ಕೀಟೋನ್ 0.9. ಇನ್ಸುಲಿನ್ ಪೆನ್ನಿನಿಂದ ಚುಚ್ಚಿಕೊಂಡು, ಹೊಸ ಸೆಟ್ (ಪಂಪಿನ ಕೊಳವೆ ಮತ್ತು ಚರ್ಮದೊಳಗೆ ಕೂರುವ ಕ್ಯಾನುಲಾ) ಹಾಕಿಕೊಂಡು, ನೀರು ಕುಡಿಯುತ್ತಾ ಕೂತಳು. ಆಮೇಲೆ ಹಳೆಯ ಸೆಟ್ ಅನ್ನು ಬಿಳಿ ಕಾಗದದಲ್ಲಿ ಸುತ್ತಿಕೊಂಡು ಬಂದಳು. ದೀಪದ ಕೆಳಗೆ ಹಿಡಿದರೆ, ಆ ಎಳೆಯಂಥ ಪ್ಲಾಸ್ಟಿಕ್ ಕ್ಯಾನುಲಾ ಬುಡದಲ್ಲೇ ಮಡಚಿಕೊಂಡಿತ್ತು. "ಮೇಡಂ, ಅಲಾರಂ ಬರಲೇ ಇಲ್ಲ" ಅಂದಳು. ಬರದೇ ಇರಬಹುದು. ಕೊಳವೆಯಲ್ಲಿ ಒತ್ತಡ ಹೆಚ್ಚಿದಾಗ ಮಾತ್ರ ಪಂಪಿಗೆ ಅಡ್ಡಿ ಗೊತ್ತಾಗುವುದು. ಬೇಸಲ್ ಕಡಿಮೆ ಇದ್ದರೆ ಅಷ್ಟು ಒತ್ತಡ ಆಗುವುದಕ್ಕೇ ಗಂಟೆಗಟ್ಟಲೆ ಬೇಕು. ಇನ್ಸುಲಿನ್ ಚರ್ಮದ ಮೇಲೆ ಸೋರಿಹೋಗುತ್ತಿದ್ದರಂತೂ ಅದಕ್ಕೆ ತಿಳಿಯುವುದೇ ಇಲ್ಲ.

ಇಂಥ ಹೊತ್ತಿಗೆ ಮಾಡಬೇಕಾದ ಕ್ರಮವನ್ನು ನಾನು ಎಲ್ಲರಿಗೂ ಬಾಯಿಪಾಠ ಮಾಡಿಸುತ್ತೇನೆ. ಕಾರಣ ಗೊತ್ತಿಲ್ಲದೆ ಶುಗರ್ 250 ದಾಟಿದರೆ ಕೀಟೋನ್ ನೋಡಿ. ರಕ್ತದ ಕೀಟೋನ್ 0.6ಕ್ಕಿಂತ ಕಡಿಮೆ ಇದ್ದರೆ ಪಂಪಿನಿಂದ ಒಂದೇ ಒಂದು ಕರೆಕ್ಷನ್. ಅದಕ್ಕೂ ಇಳಿಯದಿದ್ದರೆ, ಅಥವಾ ಕೀಟೋನ್ ಆಗಲೇ 0.6 ದಾಟಿದ್ದರೆ, ಪಂಪನ್ನು ನಂಬಬೇಡಿ. ಮೊದಲು ಪೆನ್, ಆಮೇಲೆ ಸೆಟ್ ಬದಲಾವಣೆ. 1.5 ದಾಟಿದರೆ ಡಾಕ್ಟರಿಗೆ ಫೋನ್. 3 ಆದರೆ, ಇಲ್ಲವೇ ವಾಂತಿ ನಿಲ್ಲದಿದ್ದರೆ, ನೇರ ಆಸ್ಪತ್ರೆ. ಇನ್ನೊಂದು ಮಾತು: ಪೆನ್ನಿನಿಂದ ತಗೊಂಡ ಡೋಸ್ ಪಂಪಿನ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಮರೆತು ಮತ್ತೆ ಬೋಲಸ್ ಕೊಟ್ಟರೆ ಶುಗರ್ ಕುಸಿಯುತ್ತದೆ. 70ಕ್ಕಿಂತ ಕೆಳಗೆ ಬಂದರೆ 15 ಗ್ರಾಂ ಸಕ್ಕರೆ ತಿಂದು, 15 ನಿಮಿಷ ಬಿಟ್ಟು ಮತ್ತೆ ನೋಡುವುದು ಇಲ್ಲೂ ಹಾಗೇ.

ಸೆಟ್ ಹಾಕುವುದನ್ನು ಮೊದಲು ಸಲೈನ್ ತುಂಬಿಸಿ ಅಭ್ಯಾಸ ಮಾಡಿಸುತ್ತೇನೆ. ಕೊಳವೆ ತುಂಬಿಸುವಾಗ ಅದು ಮೈಗೆ ಜೋಡಿಸಿರಲೇಬಾರದು. ಇಲ್ಲದಿದ್ದರೆ ಒಮ್ಮೆಲೇ ಬಹಳ ಯೂನಿಟ್ ಒಳಗೆ ಹೋಗಿಬಿಡುತ್ತದೆ. ಇದನ್ನು ಅವರೇ ಬಾಯಲ್ಲಿ ಹೇಳುತ್ತಾ ಮಾಡಿ ತೋರಿಸುವವರೆಗೂ ನಾನು ಮುಂದಕ್ಕೆ ಹೋಗುವುದಿಲ್ಲ. ಫ್ರಿಜ್ಜಿನಿಂದ ತೆಗೆದ ಇನ್ಸುಲಿನ್ ತಣ್ಣಗಿರುವಾಗಲೇ ತುಂಬಿಸಿದರೆ ಗಾಳಿಗುಳ್ಳೆ ಜಾಸ್ತಿ, ಸ್ವಲ್ಪ ಹೊತ್ತು ಹೊರಗಿಡಿ. ಸಾಮಾನ್ಯವಾಗಿ 2–3 ದಿನಕ್ಕೊಮ್ಮೆ ಸೆಟ್ ಬದಲಿಸಬೇಕು, ಅದೂ ಬೆಳಗ್ಗೆ. ಮಲಗುವ ಮುಂಚೆ ಬದಲಿಸಿದರೆ, ಸೆಟ್ ಸರಿಯಾಗಿ ಕೂರದಿದ್ದರೂ ನಿದ್ದೆಯಲ್ಲಿ ಗೊತ್ತಾಗುವುದಿಲ್ಲ. ಜಾಗ ಆರಿಸುವಾಗ ಬರೀ ಕಣ್ಣು ಸಾಲದು, ಬೆರಳಿಂದ ಒತ್ತಿ ನೋಡಿ. ಹಳೆಯ ಇಂಜೆಕ್ಷನ್ನಿನ ಗಂಟುಗಳಿರುವ ಕಡೆ ಇನ್ಸುಲಿನ್ ಸರಿಯಾಗಿ ಹೀರುವುದಿಲ್ಲ.

ಲೆಕ್ಕಕ್ಕೆ ಹೆದರುವವರು ತುಂಬಾ. ಶುರುವಿನ ಸೂತ್ರ ಸುಲಭ. ದಿನಕ್ಕೆ ಒಟ್ಟು 40 ಯೂನಿಟ್ ಅಂದರೆ, 500ನ್ನು 40ರಿಂದ ಭಾಗಿಸಿ. ಸುಮಾರು 12 ಗ್ರಾಂ ಕಾರ್ಬೋಹೈಡ್ರೇಟಿಗೆ ಒಂದು ಯೂನಿಟ್. 1800ನ್ನು ಭಾಗಿಸಿದರೆ ಒಂದು ಯೂನಿಟ್ ಸುಮಾರು 45ರಷ್ಟು ಶುಗರ್ ಇಳಿಸುತ್ತದೆ ಅಂತ ಅಂದಾಜು. ಮುಂದೆ ಡಾಕ್ಟರ್ ಶುಗರ್ ನೋಡಿ ತಿದ್ದುತ್ತಾ ಹೋಗುತ್ತಾರೆ.

"ಅರ್ಥ ಆಯ್ತಾ?" ಅಂತ ನಾನು ಕೇಳುವುದೇ ಇಲ್ಲ. ಎಲ್ಲರೂ ತಲೆಯಾಡಿಸುತ್ತಾರೆ ಅಷ್ಟೇ. ಅದರ ಬದಲು, "ರಾತ್ರಿ 2 ಗಂಟೆ. ಶುಗರ್ 310. ಹೊಟ್ಟೆ ತೊಳಸುತ್ತಿದೆ. ಈಗ ಏನು ಮಾಡ್ತೀರಿ?" ಅಂತ ಕೇಳಿ ಸುಮ್ನೆ ಕೂರುತ್ತೇನೆ. ಜೊತೆಗೆ ಬಂದ ಮನೆಯವರಿಗೂ ಇದೇ ಪ್ರಶ್ನೆ.

ಆಮೇಲೆ ಅವರ ಬ್ಯಾಗ್ ತೆಗೆಸುತ್ತೇನೆ. ಇನ್ನೊಂದು ಸೆಟ್, ಕೀಟೋನ್ ಪಟ್ಟಿ, ಇನ್ಸುಲಿನ್ ಪೆನ್, ಸೂಜಿ, ಪಂಪಿನ ಸೆಟ್ಟಿಂಗ್ ಬರೆದ ಚೀಟಿ ಇರಬೇಕು. ಪಂಪ್ ಪೂರ್ತಿ ಕೆಟ್ಟರೆ ನಿಧಾನದ ಇನ್ಸುಲಿನ್ ಎಷ್ಟು ತಗೊಳ್ಳಬೇಕು ಅನ್ನುವುದೂ ಆ ಚೀಟಿಯಲ್ಲೇ ಇರಬೇಕು. ಪೆನ್ ಶುರು ಮಾಡಿದ ತಾರೀಕನ್ನೂ ನೋಡುತ್ತೇನೆ. ಬೇಗ ಕೆಲಸ ಮಾಡುವ ಇನ್ಸುಲಿನ್ ಪೆನ್ನುಗಳು ಹೆಚ್ಚಾಗಿ 28 ದಿನಕ್ಕೆ ಮಾತ್ರ. ಬಳಸದೆ ಬ್ಯಾಗಿನಲ್ಲೇ ಉಳಿದ ಪೆನ್ ಹಳತಾಗಿರುವುದು ಯಾರ ಗಮನಕ್ಕೂ ಬಂದಿರುವುದಿಲ್ಲ.