ಕಾಡಿಗೆ ಹಿಡಿದ ಲೆನ್ಸು, ಲೇಸರ್ ಹೊಡೆತ: ಶಬ್ದದಿಂದ ನೋಡುವ ಮೈಕ್ರೋಸ್ಕೋಪ್ ಕಟ್ಟುವ ಬಗೆ

ಇಲ್ಲಿ ನೋಡುವ ಕೆಲಸ ಬೆಳಕಿನದಲ್ಲ, ಶಬ್ದದ್ದು. ಲೇಸರ್ ಬರೀ ಸುತ್ತಿಗೆ. ಅದರ ಹೊಡೆತವನ್ನು ಲೆನ್ಸಿನ ಮೇಲಿನ ಕಪ್ಪು ಲೇಪ ನುಂಗಿ, ಥಟ್ಟನೆ ಕಾದು ಹಿಗ್ಗುತ್ತದೆ. ಆ ಹಿಗ್ಗೇ ನೀರಿನಲ್ಲಿ ಅಲ್ಟ್ರಾಸೌಂಡ್ ಆಗಿ ಹೊರಡುತ್ತದೆ. 532 ನ್ಯಾನೋಮೀಟರ್, 6 ನ್ಯಾನೋಸೆಕೆಂಡ್, 20 ಹರ್ಟ್ಸ್‌ನ ಎನ್‌ಡಿ-ಯಾಗ್ ಲೇಸರ್ ಲ್ಯಾಬಿನಲ್ಲಿದ್ದರೆ ಅರ್ಧ ಕೆಲಸ ಆದಂತೆ. ಲೆನ್ಸ್, ಪಿಡಿಎಂಎಸ್ ಸಿಲಿಕೋನ್ (ಬೇಯಿಸಿದರೆ ರಬ್ಬರಿನಂತೆ ಗಟ್ಟಿಯಾಗುವ ದ್ರವ), ಹೈಡ್ರೋಫೋನ್ (ನೀರೊಳಗಿನ ಶಬ್ದ ಹಿಡಿಯುವ ಮೈಕ್) ಹೊರಗಿಂದ ತರಿಸಬೇಕು. ಸಣ್ಣಪುಟ್ಟ ಸಾಮಾನು ದಾವಣಗೆರೆ ಪೇಟೆಯಲ್ಲೇ ಸಿಗುತ್ತದೆ.

ಲೆನ್ಸ್ 12.7 ಮಿ.ಮೀ. ವ್ಯಾಸದ್ದು, ಒಂದು ಮುಖ ಚಪ್ಪಟೆ, ಇನ್ನೊಂದು ತಗ್ಗು. ಡಬ್ಬಿಯ ಮೇಲೆ ಬರೆದ −25 ಮಿ.ಮೀ. ಫೋಕಸ್ ಬೆಳಕಿನ ಲೆಕ್ಕ. ಶಬ್ದ ಕೂಡುವುದು ತಗ್ಗಿನ ವಕ್ರತೆಯ ಕೇಂದ್ರದಲ್ಲಿ, ಬಿಕೆ-7 ಗಾಜಾದರೆ ಸುಮಾರು 12.9 ಮಿ.ಮೀ. ದೂರದಲ್ಲಿ. 25ರಲ್ಲಿ ಹುಡುಕುತ್ತ ಕೂತರೆ ದಿನ ಕಳೆಯುತ್ತದೆ, ಸಿಗ್ನಲ್ ಸಿಗುವುದಿಲ್ಲ.

ಇನ್ನು ಲೇಪ. ಚಿತ್ರ ಚೆನ್ನಾಗಿ ಬರುವುದೂ ಕೆಡುವುದೂ ಇಲ್ಲೇ. ತಗ್ಗು ಮುಖವನ್ನು ಮೇಣದಬತ್ತಿಯ ಜ್ವಾಲೆಯ ಹಳದಿ ಭಾಗದಲ್ಲಿ 5ರಿಂದ 10 ಸೆಕೆಂಡ್ ಆಡಿಸುತ್ತ ಹಿಡಿಯಿರಿ, ಮನೆಯಲ್ಲಿ ಕಾಡಿಗೆ ಹಿಡಿಯುವ ಹಾಗೆ. ಹರಳೆಣ್ಣೆ ದೀಪ ಬೇಡ. ಕಣ್ಣಿಗೆ ಅದೇ ಸರಿ, ಆದರೆ ಇಲ್ಲಿ ಜಿಡ್ಡು ಉಳಿದರೆ ಲೇಪ ಕಿತ್ತು ಬರುತ್ತದೆ. ಒಂದೇ ಕಡೆ ನಿಲ್ಲಿಸಿದರೆ ಗಾಜು ಬಿರಿಯುತ್ತದೆ. ಫೋನಿನ ಟಾರ್ಚ್ ಹಿಂದೆ ಹಿಡಿದು ನೋಡಿ: ಕಂದು ಬೆಳಕು ಸೋರಿದರೆ ಮಸಿ ಸಾಲದು, ಮತ್ತೆರಡು ಸೆಕೆಂಡ್ ಹಿಡಿಯಿರಿ. ಬೆರಳು ತಾಗಿದರೆ ಅಲ್ಲಿಗೆ ಮುಗಿಯಿತು, ಒರೆಸಿ ಮೊದಲಿಂದ ಶುರು.

ಸಿಲಿಕೋನಿನ 10 ಪಾಲಿಗೆ 1 ಪಾಲು ಗಟ್ಟಿಕಾರಕ ಬೆರೆಸಿ, ಗುಳ್ಳೆ ಹೋಗುವ ತನಕ, ಹೆಚ್ಚುಕಡಿಮೆ ಅರ್ಧ ಗಂಟೆ, ನಿರ್ವಾತದಲ್ಲಿಡಿ. ಫ್ರಿಜ್ ರಿಪೇರಿಯವರ ಹಳೇ ಕಂಪ್ರೆಸರ್ ಸಾಕು. ಮಸಿಯ ಮೇಲೆ ಹನಿ ಬಿಟ್ಟು, ನಿಮಿಷಕ್ಕೆ 4,000 ಸುತ್ತಿನಂತೆ ಒಂದು ನಿಮಿಷ ತಿರುಗಿಸಿ, 100 ಡಿಗ್ರಿಯಲ್ಲಿ 35 ನಿಮಿಷ ಬೇಯಿಸಿ. ಲೇಪ 20 ಮೈಕ್ರಾನ್ ದಾಟಬಾರದು: ದಪ್ಪವಾದಷ್ಟೂ ಎತ್ತರದ ಆವರ್ತನಗಳನ್ನು ಸಿಲಿಕೋನೇ ತಿಂದುಹಾಕುತ್ತದೆ. ಎಷ್ಟು ಬೇಯಿಸಿದರೂ ಅಂಟಂಟಾಗಿಯೇ ಉಳಿದರೆ ಕೈಗವಸು ನೋಡಿಕೊಳ್ಳಿ. ಲೇಟೆಕ್ಸಿನ ಗಂಧಕ ಪ್ಲಾಟಿನಂ ವೇಗವರ್ಧಕವನ್ನು ಕೆಡಿಸುತ್ತದೆ, ನೈಟ್ರೈಲ್ ಹಾಕಿಕೊಳ್ಳಿ.

ನೀರಿನ ತೊಟ್ಟಿಯ ಪಕ್ಕದ ಗೋಡೆಗೆ ಲೆನ್ಸ್ ಕೂರಿಸಿ, ತಗ್ಗು ಒಳಗೆ. ಮೇಲಿನಿಂದ ಕೆಳಮುಖವಾಗಿ ಇಳಿಬಿಟ್ಟರೆ ತಗ್ಗಿನಲ್ಲಿ ಗುಳ್ಳೆಯೊಂದು ಬೋರಲು ಬಟ್ಟಲಿನೊಳಗಿನ ಗಾಳಿಯಂತೆ ಕೂತುಬಿಡುತ್ತದೆ, ಶಬ್ದ ಹೊರಗೇ ಬರುವುದಿಲ್ಲ. ಚಿತ್ರದುರ್ಗದ ಕಡೆಯ ಗಡಸು ಬೋರ್ ನೀರು ಕುದಿಸಿದರೆ ಬಿಳಿ ಹೊಪ್ಪಳೆ ಕಟ್ಟುತ್ತದೆ. ಇನ್ವರ್ಟರ್‌ಗೆ ಹಾಕುವ ಬ್ಯಾಟರಿ ನೀರನ್ನು 20 ನಿಮಿಷ ಕುದಿಸಿ, ಮುಚ್ಚಿ ಆರಿಸಿ, ಸದ್ದಾಗದಂತೆ ಪೈಪಿನಲ್ಲಿ ಇಳಿಸಿ.

ಲೇಸರ್ ತಡೆಯುವ ಕನ್ನಡಕ 532 ನ್ಯಾನೋಮೀಟರಿಗೆ OD (ಬೆಳಕನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) 6ಕ್ಕಿಂತ ಮೇಲಿನದೇ ಆಗಬೇಕು. ಉಂಗುರ, ವಾಚು ಕಳಚಿಡಿ. ಕಿರಣವನ್ನು ಲೆನ್ಸ್ ತುಂಬುವಷ್ಟು ಹಿಗ್ಗಿಸಿ ಚಪ್ಪಟೆ ಮುಖದಿಂದ ಬಿಡಿ, ಚದರ ಸೆಂ.ಮೀ.ಗೆ 20 ಮಿಲಿಜೂಲ್, ಅಂದರೆ ಒಟ್ಟು 25ರಷ್ಟು. ಮಾರ್ಕರ್‌ನಿಂದ ಕಪ್ಪು ಬಳಿದ ಕಾಗದ ಮೊದಲು ಅಡ್ಡ ಹಿಡಿದು ನೋಡಿ. ಸುಟ್ಟ ಗುರುತು ಒಂದೇ ಕಡೆ ಗಾಢವಾಗಿದ್ದರೆ ಲೇಪಕ್ಕೂ ಅದೇ ಗತಿ.

ಸಿಗ್ನಲ್ಲನ್ನು ಪರದೆಯ ಮೇಲೆ ತೋರಿಸುವ 200 ಮೆಗಾಹರ್ಟ್ಸ್‌ನ ಆಸಿಲೋಸ್ಕೋಪಿಗೆ ಟ್ರಿಗ್ಗರ್, ಅಂದರೆ ಎಣಿಕೆ ಶುರುವಿನ ಸೂಚನೆ, ಲೇಸರ್ ಬೆಳಕು ಹಿಡಿಯುವ ಫೋಟೋಡಯೋಡಿನಿಂದಲೇ ಕೊಡಿ. 30 ಡಿಗ್ರಿ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 1,509 ಮೀಟರ್, ಹಾಗಾಗಿ ಫೋಕಸ್ಸಿನಲ್ಲಿಟ್ಟ ಹೈಡ್ರೋಫೋನಿಗೆ ಸಿಗ್ನಲ್ 8.5 ಮೈಕ್ರೋಸೆಕೆಂಡಿಗೆ ಬರಬೇಕು. ಸೊನ್ನೆಯಲ್ಲೇ ಚುಚ್ಚಿದಂತೆ ಬರುವುದು ಶಬ್ದವಲ್ಲ. ಕಿರಣಕ್ಕೆ ರಟ್ಟು ಅಡ್ಡ ಇಡಿ: ಹೋದರೆ ಲೇಪದಿಂದ ಸೋರಿದ ಬೆಳಕು, ಉಳಿದರೆ ಲೇಸರಿನ ವಿದ್ಯುತ್ ಗದ್ದಲ. ಮೇ ತಿಂಗಳಲ್ಲಿ ಎಸಿ ಇಲ್ಲದ ಕೋಣೆಯ ನೀರು 25ರಿಂದ 35ಕ್ಕೆ ಏರಿದರೆ ಸಿಗ್ನಲ್ 130 ನ್ಯಾನೋಸೆಕೆಂಡ್ ಮುಂಚೆ ಬರುತ್ತದೆ. ತೊಟ್ಟಿಯಲ್ಲಿ ಥರ್ಮಾಮೀಟರ್ ಇರಲಿ.

50 ಮೆಗಾಹರ್ಟ್ಸ್‌ನಲ್ಲಿ ತರಂಗಾಂತರ 30 ಮೈಕ್ರಾನ್. ಈ ಲೆನ್ಸಿನ ಫೋಕಸ್ ದೂರವೂ ವ್ಯಾಸವೂ ಹತ್ತಿರ ಹತ್ತಿರ ಸಮ, ಹಾಗಾಗಿ ಶಬ್ದ ಕೂಡುವ ಬಿಂದುವಿನ ಅಗಲವೂ ತರಂಗಾಂತರದಷ್ಟೇ. ಹೈಡ್ರೋಫೋನಿನ ತುದಿ 75 ಮೈಕ್ರಾನ್ ಇದ್ದರೆ ಅದರಿಂದ ಅಳೆಯಲಾಗದು. ಶೇವಿಂಗ್ ಬ್ಲೇಡಿನ ಅಂಚನ್ನು ಫೋಕಸ್ಸಿನಲ್ಲಿ ಅಡ್ಡ ಸರಿಸಿ, ಹೈಡ್ರೋಫೋನ್ ಬೆನ್ನಿಗೇ ಇಡಿ. ಸಿಗ್ನಲ್ 12ರಿಂದ 88 ಶೇಕಡಕ್ಕೆ ಏರುವ ದೂರವೇ ಹೆಚ್ಚುಕಡಿಮೆ ಬಿಂದುವಿನ ಅಗಲ. 100 ಮೆಗಾಹರ್ಟ್ಸ್‌ಗೆ ಆಸೆಪಡಬೇಡಿ, ಇಷ್ಟು ದೂರದ ನೀರೇ 20 ಡೆಸಿಬೆಲ್‌ಗಿಂತ ಹೆಚ್ಚು ನುಂಗುತ್ತದೆ.

ಮೊದಲ ಮಾದರಿಗೆ ಟೀ ಸೋಸುವ ಸ್ಟೀಲ್ ಜಾಲರಿ, ಇಲ್ಲವೇ ಫ್ಯಾನ್ ವೈಂಡಿಂಗ್ ಅಂಗಡಿಯ 36 ಗೇಜ್ ತಂತಿ, 0.19 ಮಿ.ಮೀ. ದಪ್ಪದ್ದು. ಆಮೇಲೆ ಕೊಳೆಸಿ ನರ ಮಾತ್ರ ಉಳಿಸಿದ ಅರಳಿ ಎಲೆ. ಹಸಿ ಎಲೆ ಇಟ್ಟರೆ ಒಳಗಿನ ಗಾಳಿ ಶಬ್ದವನ್ನು ತಡೆದು ಚಿತ್ರವೆಲ್ಲ ಕಪ್ಪು. ಲೀಟರಿಗೆ 20 ಗ್ರಾಂ ಅಗರಿನ ಬಿಸಿ ದ್ರವದಲ್ಲಿ ನರಜಾಲವನ್ನು ನಿಧಾನ ಮುಳುಗಿಸಿ ಹೆಪ್ಪುಗಟ್ಟಿಸಿ.

ಬ್ಲೇಡ್ ಇದ್ದ ಜಾಗದಲ್ಲೇ ಮಾದರಿಯನ್ನಿಟ್ಟು, ಮೋಟಾರಿನಿಂದ ಸರಿಯುವ ಸ್ಟೇಜಿನಲ್ಲಿ 2 ಮಿ.ಮೀ. ಚೌಕವನ್ನು 15 ಮೈಕ್ರಾನ್ ಹೆಜ್ಜೆಯಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 18,000 ಬಿಂದು. ಒಂದೊಂದಕ್ಕೆ ಒಂದೇ ಪಲ್ಸ್ ಆದರೆ 15 ನಿಮಿಷ, 16 ಪಲ್ಸಿನ ಸರಾಸರಿ ಆದರೆ 4 ಗಂಟೆ. ನಡುವೆ ಕರೆಂಟ್ ಹೋದರೆ ಮೋಟಾರ್ ಸ್ಥಾನ ಮರೆಯುತ್ತದೆ, ಆದ್ದರಿಂದ ಸ್ಟೇಜಿಗೂ ಕಂಪ್ಯೂಟರಿಗೂ ಯುಪಿಎಸ್ ಕೊಟ್ಟು, ಪ್ರತಿ ಸಾಲು ಮುಗಿದಾಗ ಫೈಲ್ ಉಳಿಸಿ.