ಇಬ್ಬರು ಮಕ್ಕಳು, ಒಬ್ಬ ಕೆಲಸಗಾರ, ಒಂದು ಇಡೀ ದಿನ

ನಲವತ್ತು ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ದು, ಕಾರ್ಖಾನೆಯೊಳಗೆ ಸಾಲಾಗಿ ನಡೆಸಿ, ಗೇಟಿನಲ್ಲಿ ಫೋಟೊ ತೆಗೆಸಿ ವಾಪಸ್ ತರುವುದನ್ನು ಉಡುಪಿಯ ಸುತ್ತಮುತ್ತ ವರ್ಷವರ್ಷವೂ ನೋಡಿದ್ದೇನೆ. ಮರುದಿನ ಕೇಳಿದರೆ ಮಕ್ಕಳಿಗೆ ನೆನಪಿರುವುದು ದೊಡ್ಡ ಯಂತ್ರ ಮತ್ತು ತಿಂಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯವರಿಗೆ ಹತ್ತು ಬ್ಯಾಗ್‌ರಹಿತ ದಿನಗಳನ್ನು ಹೇಳಿದ್ದು ಬಡಗಿ, ತೋಟಗಾರ, ಕುಂಬಾರರ ಬಳಿ ಕಲಿಯಲಿ ಎಂದು. ನನ್ನ ಕೇಳಿದರೆ ಒಂಬತ್ತನೆಯವರಿಗೆ ಇದು ಇನ್ನೂ ಅಗತ್ಯ. ಪಿಯುಸಿಯಲ್ಲಿ ಯಾವ ವಿಭಾಗ ಎಂಬ ಪ್ರಶ್ನೆ ಅವರ ಬಾಗಿಲಲ್ಲೇ ನಿಂತಿರುತ್ತದೆ. ಹಾಗಾಗಿ ಶಿಕ್ಷಕರೇ, ಇಬ್ಬಿಬ್ಬರು ಮಕ್ಕಳನ್ನು ಒಬ್ಬ ಕೆಲಸಗಾರರ ಬಳಿ ಒಂದು ಇಡೀ ದಿನ ಬಿಟ್ಟು ನೋಡಿ. ಅದಕ್ಕೆ ಹೀಗೆ ತಯಾರಾಗಿ.

ಮೊದಲು, ಡಾಕ್ಟರ್ ಮತ್ತು ಎಂಜಿನಿಯರ್ ಬಿಟ್ಟು ಮೂರು ಕೆಲಸಗಳ ಹೆಸರನ್ನು ಮಗುವಿನಿಂದಲೇ ಬರೆಸಿ. ಬೆರಳಚ್ಚು ನೋಡಿ ವೃತ್ತಿ ಹೇಳುವ ಪರೀಕ್ಷೆಗೆ ದಯವಿಟ್ಟು ದುಡ್ಡು ಸುರಿಯಬೇಡಿ. ಅದಕ್ಕೆ ವಿಜ್ಞಾನದ ಆಧಾರವಿಲ್ಲ.

ಆಮೇಲೆ ಜಾಗ ಮತ್ತು ಹೊತ್ತು. ಮಲ್ಪೆ ಬಂದರಿನ ಮೀನು ಹರಾಜು ನೋಡಬೇಕಾದರೆ ಬೆಳಗಿನ ಜಾವ ಹೋಗಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆದರೆ ದೋಣಿ ದುರಸ್ತಿ, ಬಲೆ ಕಟ್ಟುವ ಕೆಲಸ ಕಲಿಯಲು ಅದೇ ಒಳ್ಳೆಯ ಕಾಲ.

ಎಲ್ಲರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಮಾಲೀಕರಿಗೆ ಫೋನಿನಲ್ಲಿ ಹೇಳಿ ಮುಗಿಸುತ್ತಾರೆ. ಹಾಗೆ ಮಾಡಬೇಡಿ. ಕೆಲಸದ ಗಡಿಬಿಡಿ ಇಳಿದ ಹೊತ್ತಿನಲ್ಲಿ ನೀವೇ ಹೋಗಿ, ಮಾಲೀಕರ ಒಪ್ಪಿಗೆ ಪಡೆದು, ನಿಜವಾಗಿ ಕೈಯಾಡಿಸುವವರ ಪಕ್ಕದಲ್ಲಿ ಕುಳಿತು ಮಾತನಾಡಿ. ‘ಭಾಷಣ ಬೇಡ, ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಮಕ್ಕಳು ನೋಡಲಿ’ ಎನ್ನಿ. ಎಲ್ಲಿ ನಿಲ್ಲಬೇಕು, ಯಾವುದನ್ನು ಮುಟ್ಟಬಾರದು ಎಂದು ಕೇಳಿ ಬರೆದುಕೊಳ್ಳಿ. ಒಬ್ಬರ ಬಳಿ ಇಬ್ಬರೇ ಮಕ್ಕಳು. ಮೂರನೆಯವರು ಬಂದರೆ ಅವರವರಲ್ಲೇ ಮಾತು ಶುರುವಾಗುತ್ತದೆ.

ಮಕ್ಕಳಿಗೂ ತಯಾರಿ ಬೇಕು. ‘ಈ ಕೆಲಸ ಇಷ್ಟವೇ?’ ಎಂಬ ಪ್ರಶ್ನೆಗೆ ಹೌದು ಎಂಬ ಉತ್ತರವಷ್ಟೇ ಸಿಗುತ್ತದೆ. ‘ಬಂದ ಕೂಡಲೇ ಮೊದಲು ಏನು ಮಾಡಿದಿರಿ? ಯಾರಿಂದ ಕಲಿತಿರಿ? ಹೊಸಬರು ಎಲ್ಲಿ ತಪ್ಪುತ್ತಾರೆ?’ ಎಂದು ಕೇಳಲು ಕಲಿಸಿ. ಒಂದು ಜುಲೈಯಲ್ಲಿ ನಮ್ಮ ಹುಡುಗಿಯೊಬ್ಬಳು ಬಲೆ ದುರಸ್ತಿ ಮಾಡುತ್ತಿದ್ದ ಹಿರಿಯರಿಗೆ ಈ ಕೊನೆಯ ಪ್ರಶ್ನೆ ಹಾಕಿದಳು. ಅವರು ಮಾತನಾಡದೆ ಕತ್ತರಿ ಎತ್ತಿಕೊಂಡು ಬಲೆಯ ಹರಿದ ಕಣ್ಣುಗಳ (ಹೆಣಿಗೆಯ ಕಿಂಡಿಗಳ) ಅಂಚನ್ನೆಲ್ಲ ಕತ್ತರಿಸಿ ತೂತನ್ನು ಇನ್ನೂ ದೊಡ್ಡದು ಮಾಡಿದರು. ‘ಹೊಸಬರು ಇದಕ್ಕೆ ಹೆದರುತ್ತಾರೆ, ಹರಿದದ್ದಕ್ಕೇ ಗಂಟು ಹಾಕುತ್ತಾರೆ’ ಎಂದು ಸೂಜಿಯನ್ನು ಅವಳ ಕೈಗೆ ಕೊಟ್ಟರು. ಮಧ್ಯಾಹ್ನದವರೆಗೆ ಅವಳು ಕಣ್ಣುಗಳನ್ನು ಎಣಿಸುತ್ತಲೇ ಇದ್ದಳು.

ಪೋಷಕರ ಒಪ್ಪಿಗೆ ಪತ್ರ, ಬುತ್ತಿ, ನೀರು ಮರೆಯಬೇಡಿ. ಮಕ್ಕಳನ್ನು ಬಿಟ್ಟಿ ಕೆಲಸಕ್ಕೆ ಹಚ್ಚಲು ಮಾತ್ರ ಬಿಡಲೇಬೇಡಿ: ಹದಿನಾಲ್ಕು ತುಂಬದವರನ್ನು ದುಡಿಸುವುದು, ಹದಿನೆಂಟರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಾಕುವುದು ಕಾನೂನಿನಂತೆ ಅಪರಾಧ.

ಅಂದು ಸಂಜೆಯೇ ಒಂದು ಪುಟ ಬರೆಸಿ. ‘ಇದು ನನಗೆ ಬೇಡ’ ಎಂದು ಬರೆದರೂ ತಿದ್ದಬೇಡಿ, ಏಕೆ ಬೇಡ ಎಂದಷ್ಟೇ ಕೇಳಿ. ಆ ಪುಟದ ಒಂದು ಪ್ರತಿಯನ್ನು, ಕೆಲಸ ತೋರಿಸಿದವರಿಗೆ ಮಗುವಿನ ಕೈಯಲ್ಲೇ ತಲುಪಿಸಿ.