ಅಥಾರಿಟಿ ಸ್ಕೋರ್ ಏರಿದ್ದು ಹಳೇ ಲಿಂಕ್‌ಗಳಿಂದ

ಸೈಕಲ್ ರಿಪೇರಿ ಬಗ್ಗೆ ನಾನು ನಡೆಸುವ ವೆಬ್‌ಸೈಟಿನ ಅಥಾರಿಟಿ ಸ್ಕೋರ್, ಅಂದರೆ ಬೇರೆ ಸೈಟುಗಳಿಂದ ಬರುವ ಲಿಂಕ್‌ಗಳ ಬಲವನ್ನು ನೂರಕ್ಕೆ ಇಷ್ಟು ಎಂದು ತೋರಿಸುವ ಅಂಕ, ಒಂದೂವರೆ ವರ್ಷ 14ರ ಆಸುಪಾಸಿನಲ್ಲೇ ಕೂತಿತ್ತು. ವಾರಕ್ಕೆ ಎರಡು ಲೇಖನ ಹಾಕಿದರೂ ಅಲುಗಾಡಲಿಲ್ಲ. ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಮೊದಲು ನೋಡುತ್ತಿದ್ದುದೇ ಆ ಸಂಖ್ಯೆ. ಅದು ಏನನ್ನು ಅಳೆಯುತ್ತದೆ ಅಂತ ಸರಿಯಾಗಿ ತಿಳಿದ ಮೇಲೆಯೇ ಕೆಲಸ ದಾರಿಗೆ ಬಂದದ್ದು.

ಈ ಸ್ಕೋರ್ ಗೂಗಲ್ ಕೊಡುವುದಲ್ಲ. ಮಾಜ್‌ನ ಡೊಮೇನ್ ಅಥಾರಿಟಿ, ಏಚ್‌ರೆಫ್ಸ್‌ನ ಡೊಮೇನ್ ರೇಟಿಂಗ್, ಸೆಮ್‌ರಷ್‌ನ ಅಥಾರಿಟಿ ಸ್ಕೋರ್, ಇವೆಲ್ಲ ಸೈಟುಗಳನ್ನು ಅಳೆಯುವ ಟೂಲ್ ಮಾಡುವ ಆಯಾ ಕಂಪನಿ ಮುಖ್ಯವಾಗಿ ತಾನು ಕಲೆಹಾಕಿದ ಲಿಂಕ್‌ಗಳನ್ನು ಇಟ್ಟುಕೊಂಡು ತನ್ನದೇ ಸೂತ್ರದಲ್ಲಿ ಹಾಕುವ ಲೆಕ್ಕ. ಹಾಗಾಗಿ ಒಂದೇ ಸೈಟಿಗೆ ಒಂದು ಟೂಲ್‌ನಲ್ಲಿ 14, ಇನ್ನೊಂದರಲ್ಲಿ 21 ಬಂದರೆ ಗಾಬರಿಯಾಗಬೇಕಿಲ್ಲ. ರ‍್ಯಾಂಕಿಂಗ್‌ಗೆ ಇವನ್ನು ಬಳಸುವುದಿಲ್ಲ ಎಂದು ಗೂಗಲ್‌ನವರು ಹಲವು ಸಲ ಹೇಳಿದ್ದಾರೆ. ಲಿಂಕ್‌ಗಳಿಂದ ಪುಟದ ತೂಕ ಅಳೆಯುವ ತಮ್ಮದೇ ಪೇಜ್‌ರ‍್ಯಾಂಕನ್ನು ಟೂಲ್‌ಬಾರಿನಲ್ಲಿ 0ಯಿಂದ 10ರವರೆಗೆ ತೋರಿಸುತ್ತಿದ್ದುದನ್ನೂ 2016ರಲ್ಲಿ ನಿಲ್ಲಿಸಿಬಿಟ್ಟರು.

ಇನ್ನೊಂದು ವಿಷಯ, ಈ ಅಳತೆ ಲಾಗರಿದಮಿಕ್. 10ರಿಂದ 20ಕ್ಕೆ ಏರಿದಷ್ಟು ಸಲೀಸಾಗಿ 70ರಿಂದ 80ಕ್ಕೆ ಏರಲಾಗದು. ಅಂಕವನ್ನು ಉಳಿದ ಸೈಟುಗಳಿಗೆ ಹೋಲಿಸಿ ಹಾಕುವುದರಿಂದ ದೊಡ್ಡ ಸೈಟುಗಳಿಗೆ ಹೊಸ ಲಿಂಕ್‌ಗಳು ರಾಶಿ ಬಿದ್ದರೆ ನಮ್ಮ ತಪ್ಪೇನೂ ಇಲ್ಲದೆ ನಮ್ಮ ಸ್ಕೋರ್ ಇಳಿಯಲೂಬಹುದು. ಅದಕ್ಕೇ ನಾನೀಗ ನೂರಕ್ಕೆ ಎಷ್ಟು ಅಂತ ನೋಡುವುದನ್ನು ಬಿಟ್ಟು, ಇದೇ ವಿಷಯ ಬರೆಯುವ ನಾಲ್ಕು ಸೈಟುಗಳ ಪಕ್ಕ ಇಟ್ಟು ನೋಡುತ್ತೇನೆ.

ಮಧ್ಯೆ ಒಂದು ತಪ್ಪು ಮಾಡಿದ್ದೆ. ಒಬ್ಬ ಏಜೆಂಟರಿಂದ ಲಿಂಕ್‌ಗಳ ಪ್ಯಾಕೇಜ್ ಕೊಂಡೆ. ಒಂದು ಟೂಲ್‌ನಲ್ಲಿ ಸ್ಕೋರ್ 19ಕ್ಕೆ ಹಾರಿತು, ಹುಡುಕಾಟದಿಂದ ಸೈಟಿಗೆ ಎಷ್ಟು ಜನ ಬಂದರೆಂದು ಗೂಗಲ್ ತೋರಿಸುವ ಸರ್ಚ್ ಕನ್ಸೋಲ್‌ನಲ್ಲಿ ಕ್ಲಿಕ್ ಮಾತ್ರ ಹೆಚ್ಚಲಿಲ್ಲ. ಮೂರು ತಿಂಗಳಲ್ಲಿ ಸ್ಕೋರೂ ಮೊದಲಿನ ಜಾಗಕ್ಕೆ ಬಂತು. 2012ರಲ್ಲಿ ಗೂಗಲ್ ತಂದ ಪೆಂಗ್ವಿನ್ ಅಪ್‌ಡೇಟ್ ಇಂಥ ಲಿಂಕ್‌ಗಳಿಗೆಂದೇ ಹುಟ್ಟಿದ್ದು. 2016ರಿಂದ ಅದು ಗೂಗಲ್‌ನ ಮುಖ್ಯ ಅಲ್ಗಾರಿದಮ್‌ನಲ್ಲೇ ಸೇರಿಕೊಂಡು, ಅಂಥ ಲಿಂಕ್‌ಗಳಿಗೆ ಬೆಲೆ ಸಿಗದಂತೆ ನೋಡಿಕೊಳ್ಳುತ್ತಿದೆ. ನನ್ನ ಸೈಟಿನ ಮೇಲೆ ಮ್ಯಾನುಯಲ್ ಆಕ್ಷನ್ (ಗೂಗಲ್ ಸಿಬ್ಬಂದಿಯೇ ನೋಡಿ ಹಾಕುವ ದಂಡನೆ) ಬರದ ಕಾರಣ, ಈ ಲಿಂಕ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಗೂಗಲ್‌ಗೆ ಹೇಳುವ ಡಿಸ್‌ಅವೋ ಫೈಲ್ ಹಾಕುವ ಗೋಜಿಗೆ ಹೋಗಲಿಲ್ಲ. ತೆಗೆಸಬಹುದಾದ್ದನ್ನು ತೆಗೆಸಿದೆ, ಅಷ್ಟೆ.

ನಿಜವಾದ ಗಂಟು ಸಿಕ್ಕಿದ್ದು ಸರ್ಚ್ ಕನ್ಸೋಲ್‌ನ ಲಿಂಕ್ಸ್ ವಿಭಾಗದಲ್ಲಿ. ಹೊರಗಿನಿಂದ ಅತಿ ಹೆಚ್ಚು ಲಿಂಕ್ ಬಂದಿರುವ ಪುಟಗಳ ಪಟ್ಟಿಯನ್ನು ಇಳಿಸಿಕೊಂಡು ಒಂದೊಂದನ್ನೇ ತೆರೆಯುತ್ತಾ ಹೋದೆ. ಮೊದಲ 30ರಲ್ಲಿ 11 ಪುಟ 404, ಅಂದರೆ ಆ ವಿಳಾಸದಲ್ಲಿ ಪುಟವೇ ಇಲ್ಲ! ಎರಡು ವರ್ಷದ ಹಿಂದೆ ಸೈಟಿನ ವಿನ್ಯಾಸ ಬದಲಿಸಿದಾಗ ವಿಳಾಸಗಳೂ ಬದಲಾಗಿದ್ದವು, ಹಳೇ ವಿಳಾಸಗಳಿಗೆ ಬಂದವರನ್ನು ಹೊಸದಕ್ಕೆ ಕಳಿಸುವ ರೀಡೈರೆಕ್ಟ್ ಹಾಕಿರಲಿಲ್ಲ. ಪಟ್ಟಿಯ ಎರಡನೇ ಸಾಲಿನಲ್ಲೇ ಇದ್ದದ್ದು ಚೈನ್ ಸವೆತ ಅಳೆಯುವ ಪುಟ. ಹೊಸ ಚೈನಿನಲ್ಲಿ ಹನ್ನೆರಡು ಪೂರ್ತಿ ಲಿಂಕ್ (ಒಂದು ಒಳ ಕೊಂಡಿ, ಒಂದು ಹೊರ ಕೊಂಡಿ ಸೇರಿ ಒಂದು) ಅಂದರೆ ಸರಿಯಾಗಿ 12 ಇಂಚು, ಅದು ಹದಿನಾರನೇ ಒಂದು ಇಂಚು ಹಿಗ್ಗಿದರೆ ಸುಮಾರು 0.5 ಶೇಕಡಾ ಸವೆದಂತೆ ಅಂತ ಸ್ಕೇಲ್ ಇಟ್ಟು ಫೋಟೊ ತೆಗೆದು ತೋರಿಸಿದ್ದೆ. ಅದನ್ನು ಮೆಚ್ಚಿ ಸೈಕಲ್ ಕ್ಲಬ್‌ಗಳು, ರಿಪೇರಿ ಕಲಿಸುವವರು ತಾವಾಗಿಯೇ ಲಿಂಕ್ ಕೊಟ್ಟಿದ್ದರು. ಅಲ್ಲಿಂದ ಬಂದವರಿಗೆಲ್ಲ ಎರಡು ವರ್ಷ ಖಾಲಿ ಪುಟ ತೋರಿಸಿದ್ದೆನಲ್ಲ ಎಂದು ಆ ದಿನ ಹೊಟ್ಟೆ ಚುರುಕ್ ಅಂದಿತು.

ಒಂದನ್ನು ಬಿಟ್ಟು ಪ್ರತಿ ಹಳೇ ವಿಳಾಸದಿಂದಲೂ ಅದೇ ವಿಷಯದ ಹೊಸ ಪುಟಕ್ಕೆ 301 (ಶಾಶ್ವತ) ರೀಡೈರೆಕ್ಟ್ ಹಾಕಿದೆ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿಬಿಡುವವರು ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಸಂಬಂಧವಿಲ್ಲದ ಪುಟಕ್ಕೆ ತಿರುಗಿಸಿದರೆ ಗೂಗಲ್ ಅದನ್ನು ಸಾಫ್ಟ್ 404, ಅಂದರೆ ಪುಟ ಇಲ್ಲದಂತೆ, ಎಂದೇ ಎಣಿಸಬಹುದು, ಓದುಗನಿಗೂ ಬೇಕಾದ್ದು ಸಿಗದು.

ಆಮೇಲೆ ಒಳಗಿನ ಲಿಂಕ್‌ಗಳು. ಚೈನ್ ಪುಟಕ್ಕೆ ಬಂದ ಬಲ ಅಲ್ಲೇ ನಿಂತಿತ್ತು. ಅದರಿಂದ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಗಾಲಿಗಳು), ಡಿರೇಲರ್ (ಗೇರ್ ಬದಲಿಸುವ ಭಾಗ), ಎಣ್ಣೆ ಹಾಕುವ ಪುಟಗಳಿಗೆ ದಾರಿ ಮಾಡಿದೆ. 'ಇಲ್ಲಿ ಕ್ಲಿಕ್ ಮಾಡಿ' ಅಂತಿದ್ದ ಕಡೆಯೆಲ್ಲ 'ಕ್ಯಾಸೆಟ್ ಹಲ್ಲು ಸವೆದಿದೆಯೇ ನೋಡುವ ಬಗೆ' ಎಂಬಂತೆ ವಿಷಯವನ್ನೇ ಬರೆದೆ. ಬೇರೆಯವರ ಪುಟಗಳಲ್ಲಿ ಸತ್ತುಹೋದ ಲಿಂಕ್ ಕಂಡಾಗ ಅದನ್ನು ತಿಳಿಸಿ, ನನ್ನ ಪುಟ ಉಪಯೋಗವಾದರೆ ಸೇರಿಸಿಕೊಳ್ಳಿ ಎಂದು 40 ಮೇಲ್ ಬರೆದೆ. ಐವರು ಸೇರಿಸಿಕೊಂಡರು.

ಐದು ತಿಂಗಳಿಗೆ ಸ್ಕೋರ್ 23. ಅದಕ್ಕಿಂತ ಖುಷಿ ಕೊಟ್ಟದ್ದು ಚೈನ್ ಸವೆತದ ಹುಡುಕಾಟಗಳಲ್ಲಿ ಮೂರನೇ ಪುಟದಲ್ಲಿದ್ದ ಲೇಖನ ಮೊದಲ ಪುಟಕ್ಕೆ ಬಂದದ್ದು. ಆ ಹನ್ನೊಂದರಲ್ಲಿ ಒಂದು ಪುಟಕ್ಕೆ ಮಾತ್ರ ರೀಡೈರೆಕ್ಟ್ ಹಾಕಿಲ್ಲ. ಚಕ್ರದ ಓಲಾಟ ತೆಗೆಯುವ ಕುರಿತ ಆ ಲೇಖನವನ್ನು ವಿನ್ಯಾಸ ಬದಲಿಸುವಾಗ ಅಳಿಸಿಬಿಟ್ಟಿದ್ದೆ. ಅದರ ಹಳೇ ವಿಳಾಸದಲ್ಲೇ ಈಗ ಹೊಸದಾಗಿ ಬರೆಯುತ್ತಿದ್ದೇನೆ, ಕಡ್ಡಿ ಬಿಗಿ ಮಾಡುವ ಫೋಟೊಗಳಷ್ಟೇ ಬಾಕಿ.